ಮಳೆಗಾಲ ಕಳೆದ ಕೋವಿ

ಸೆಪ್ಟೆಂಬರ್ ತಿಂಗಳ ಮೊದಲ ವಾರದಲ್ಲಿ ಕೊಡಗನ್ನು ನೋಡಬೇಕು. ಮುಂಗಾರಿನ ಆರ್ಭಟ ಇಳಿದಿರುತ್ತದೆ. ಗದ್ದೆಗಳಲ್ಲಿ ನಾಟಿ ಮುಗಿದು ಪೈರು ಬೇರೂರಿ ನಿಂತಿರುತ್ತದೆ. ಕಾಫಿ ತೋಟದ ನೆರಳಿನಲ್ಲಿ ಮರಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿರುತ್ತದೆ. ಬೇಲಿಗಳ ಮೇಲೆ ಬೆಂಕಿಯ ನಾಲಗೆಯಂತೆ ಕೆಂಪು ಹಳದಿ ಎಸಳುಗಳ ಹೂವೊಂದು ಅರಳಿರುತ್ತದೆ. ಸಸ್ಯಶಾಸ್ತ್ರದಲ್ಲಿ ಅದು ಗ್ಲೋರಿಯೋಸಾ ಸುಪರ್ಬಾ. ಕೊಡವರು ಅದನ್ನು ‘ತೋಕ್ ಪೂ’ ಎನ್ನುತ್ತಾರೆ. ತೋಕ್ ಎಂದರೆ ಕೋವಿ, ಪೂ ಎಂದರೆ ಹೂವು.

ಕೋವಿಗೂ ಹೂವಿಗೂ ಏನು ನಂಟು? ಅದನ್ನು ತಿಳಿಯಲು ಕೈಲ್‌ಪೊಳ್ದ್ ಹಬ್ಬದ ದಿನ ಕೊಡವರ ಐನ್‌ಮನೆಯೊಂದಕ್ಕೆ ಹೋಗಬೇಕು. ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು ನಡೆಯುವ ಈ ಹಬ್ಬವನ್ನು ಕನ್ನಡದಲ್ಲಿ ಕೈಲ್ ಮುಹೂರ್ತ ಎನ್ನುತ್ತಾರೆ. ಇದು ಆಯುಧಗಳ ಪೂಜೆ. ಹಿಂದೆ ಬೇಸಾಯದ ಕೆಲಸ ಶುರುವಾದಾಗ ಕೋವಿ, ಕತ್ತಿಗಳನ್ನು ಕನ್ನಿಕೋಂಬರೆ ಎಂಬ ದೇವರ ಕೋಣೆಯಲ್ಲಿ ಇಟ್ಟುಬಿಡುತ್ತಿದ್ದರು. ನಾಟಿ ಮುಗಿದ ಮೇಲೆ ಅವನ್ನು ಹೊರತೆಗೆದು, ಒರೆಸಿ, ಪೂಜಿಸಿ, ಪೈರು ಕಾಯಲು ಸಜ್ಜಾಗುತ್ತಿದ್ದರು. ಇಂದಿಗೂ ಕೋವಿಗಳನ್ನು ಸಾಲಾಗಿ ನಿಲ್ಲಿಸಿ, ಗಂಧ ಹಚ್ಚಿ, ನಳಿಗೆಯ ತುದಿಗೆ ತೋಕ್ ಪೂ ಸಿಕ್ಕಿಸುತ್ತಾರೆ. ಆಮೇಲೆ ಕಡಂಬಿಟ್ಟು, ಹಂದಿ ಮಾಂಸದ ಊಟ. ಊರ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ.

ನೋಡಲು ಬಲು ಸೊಗಸು. ಆದರೆ ವಿಜ್ಞಾನದ ಮೇಷ್ಟ್ರ ಕಣ್ಣು ಬೇರೆ ಕಡೆ ಹೋಗುತ್ತದೆ. ಹೂವು ಸಿಕ್ಕಿಸುವ ಹೆಂಗಸರ ಕೈ, ಮಕ್ಕಳ ಕೈ ಇರುವುದು ನೇರವಾಗಿ ನಳಿಗೆಯ ಬಾಯಿಯ ಬಳಿ. ಪಕ್ಕದಲ್ಲೇ ದೀಪ, ಊದುಬತ್ತಿ, ಕರ್ಪೂರ. ಮೂರು ತಿಂಗಳು ಕತ್ತಲೆ ಕೋಣೆಯಲ್ಲಿದ್ದ ಆ ಕೋವಿಯ ಹೊಟ್ಟೆಯಲ್ಲಿ ಏನಿದೆ ಎಂಬುದು ಯಾರಿಗೆ ಗೊತ್ತು?

ದಾರಿಯಲ್ಲಿ ಸಿಗುವ ಮದ್ದಿನ ಮನೆ

ಬೆಂಗಳೂರಿನ ಕಡೆಯಿಂದ ಕೊಡಗಿಗೆ ಹೋಗುವವರು ಶ್ರೀರಂಗಪಟ್ಟಣದಲ್ಲಿ ಒಂದು ಗಂಟೆ ಇಳಿದರೆ ಈ ವಿಷಯದ ಮೊದಲ ಪಾಠ ಸಿಗುತ್ತದೆ. ದರಿಯಾ ದೌಲತ್, ರಂಗನಾಥನ ಗುಡಿ, 1799ರ ಮೇ 4ರಂದು ಟಿಪ್ಪು ಬಿದ್ದ ಜಾಗ ಇವನ್ನೆಲ್ಲ ನೋಡುವ ಪ್ರವಾಸಿಗರು, ಕೋಟೆಯೊಳಗೆ ಅಲ್ಲಲ್ಲಿ ಇರುವ ಮದ್ದಿನ ಮನೆಗಳನ್ನು ಗಮನಿಸುವುದು ಕಡಿಮೆ. ಇಟ್ಟಿಗೆ ಗಾರೆಯ ದಪ್ಪ ಗೋಡೆ, ಕಮಾನಿನ ಚಾವಣಿ, ನೆಲಮಟ್ಟಕ್ಕಿಂತ ತಗ್ಗಿನಲ್ಲಿ ಕೂತ ಕಟ್ಟಡ. ರೈಲ್ವೆ ಜೋಡಿ ಹಳಿಗೆ ಅಡ್ಡ ಬಂದ ಇಂಥದೊಂದು ಶಸ್ತ್ರಾಗಾರವನ್ನು ಒಡೆಯದೆ, 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದ್ದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿತ್ತು.

ಆ ಕಟ್ಟಡಗಳ ಮುಂದೆ ನಿಂತು ಮಕ್ಕಳು ಕೇಳಬೇಕಾದ ಪ್ರಶ್ನೆ ಒಂದೇ. ಇದನ್ನು ಹೀಗೇಕೆ ಕಟ್ಟಿದರು? ತಗ್ಗಿನಲ್ಲಿ ಕಟ್ಟಿದ್ದರಿಂದ ಬಿಸಿಲಿನ ಕಾವು ತಾಗದು. ಗೋಡೆ ದಪ್ಪವಾದ್ದರಿಂದ ಹೊರಗಿನ ಗುಂಡಾಗಲಿ ಕಿಡಿಯಾಗಲಿ ಒಳಗೆ ಬಾರದು. ಎಲ್ಲಕ್ಕಿಂತ ಮುಖ್ಯವಾದುದು, ಮದ್ದಿಗೆಂದೇ ಬೇರೆ ಮನೆ. ಜನ ವಾಸಿಸುವ ಜಾಗ ಬೇರೆ, ಕೋವಿ ಇಡುವ ಜಾಗ ಬೇರೆ, ಮದ್ದು ಇಡುವ ಜಾಗ ಬೇರೆ. ಇನ್ನೂರು ವರ್ಷದ ಹಿಂದಿನವರಿಗೆ ತಿಳಿದಿದ್ದ ಈ ವಿವೇಕವನ್ನು ಇಂದು ಒಂದೇ ಬೀರುವಿನಲ್ಲಿ ಕೋವಿ, ಮದ್ದು, ಕೇಪು ಮೂರನ್ನೂ ಇಡುವವರು ನೆನೆಯಬೇಕು.

ಬಾಯಿಂದ ತುಂಬುವ ಕೋವಿ

ಶ್ರೀರಂಗಪಟ್ಟಣ ಬಿಟ್ಟು ಮೈಸೂರು, ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟಿದರೆ ಘಟ್ಟದ ತಂಗಾಳಿ ಮುಖಕ್ಕೆ ಬಡಿಯುತ್ತದೆ. ಕೊಡಗಿನಲ್ಲಿ ಕೋವಿ ಎಂಬುದು ಬರೀ ಆಯುಧವಲ್ಲ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು, ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಮತ್ತೆ ಗುಂಡು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆಯುಧ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದಲೂ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ ತನಕ ಮುಂದುವರಿಸಿತು. 2021ರಲ್ಲಿ ರಾಜ್ಯದ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೊಡಗಿನ ಹೊರಗೆ ಮಲೆನಾಡಿನಲ್ಲೂ ದಕ್ಷಿಣ ಕನ್ನಡದಲ್ಲೂ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ರೈತರಿದ್ದಾರೆ. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಿ ಬರುವ ಅವರ ಪಾಡು ಎಲ್ಲರಿಗೂ ಗೊತ್ತಿರುವುದೇ.

ತೋಟಾ ಕೋವಿಗಳು ಬಂದು ಬಹಳ ಕಾಲವಾಯಿತು. ಆದರೂ ಹಳೆಯ ಮನೆಗಳಲ್ಲಿ ಅಜ್ಜಂದಿರ ಕಾಲದ ಕೇಪಿನ ಕೋವಿ ಉಳಿದುಕೊಂಡಿದೆ. ತೋಟಾ ಕೋವಿಯನ್ನು ಮಧ್ಯಕ್ಕೆ ಮಡಿಚಿದರೆ ನಳಿಗೆಯೊಳಗೆ ತೋಟಾ ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಕೇಪಿನ ಕೋವಿಯ ಹಿಂಬದಿ ಮುಚ್ಚಿರುತ್ತದೆ. ಅದಕ್ಕೆ ಎಲ್ಲವೂ ಬಾಯಿಂದಲೇ. ಮೊದಲು ಕರಿಮದ್ದು, ಮೇಲೆ ತೆಂಗಿನ ನಾರು ಅಥವಾ ಕಾಗದದ ಬಿರಡೆ, ಅದರ ಮೇಲೆ ಚರೆ ಅಥವಾ ಗುಂಡು, ಮತ್ತೆ ಬಿರಡೆ. ಗಜ ಎಂಬ ಉದ್ದನೆಯ ಸಲಾಕೆಯಿಂದ ಇದನ್ನು ಒತ್ತಿ ಕೂರಿಸಿದರೆ ಈಡು ತುಂಬಿದಂತಾಯಿತು. ನಳಿಗೆಯ ಬುಡದಲ್ಲಿ ಸಣ್ಣ ತೂತಿನ ಒಂದು ತೊಟ್ಟು ಇರುತ್ತದೆ. ಅದರ ಮೇಲೆ ತಾಮ್ರದ ಪುಟ್ಟ ಟೋಪಿಯಂಥ ಕೇಪು ಕೂರುತ್ತದೆ. ಬಿಲ್ಲು ಎಳೆದಾಗ ಕುದುರೆ ಕೇಪಿನ ಮೇಲೆ ಬಡಿಯುತ್ತದೆ, ಕೇಪಿನ ಕಿಡಿ ತೂತಿನ ಮೂಲಕ ಮದ್ದಿಗೆ ತಾಗುತ್ತದೆ.

ತುಂಬಿದ ಕೋವಿಗೂ ಖಾಲಿ ಕೋವಿಗೂ ಹೊರಗಿನಿಂದ ನೋಡಿದರೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಇದೇ ಈ ಕೋವಿಯ ದೊಡ್ಡ ಅಪಾಯ.

ಗಜದ ಲೆಕ್ಕ

ವಿರಾಜಪೇಟೆ ಕಡೆಯ ಒಂದು ಐನ್‌ಮನೆಯಲ್ಲಿ ಕೈಲ್‌ಪೊಳ್ದಿನ ಬೆಳಿಗ್ಗೆ ನಾನು ಕಂಡದ್ದನ್ನು ಹೇಳುತ್ತೇನೆ. ಪಟ್ಟೇದಾರರು ಎಂದರೆ ಆ ಕುಟುಂಬದ ಹಿರಿಯರು, ಎಪ್ಪತ್ತು ದಾಟಿದವರು. ಹೂವು ಕೊಯ್ದು ತಂದ ಮಕ್ಕಳನ್ನು ಅವರು ಅಂಗಳದಲ್ಲೇ ನಿಲ್ಲಿಸಿದರು. ಕೋವಿಗಳನ್ನು ಒಂದೊಂದಾಗಿ ಮನೆಯ ಹಿಂದಿನ ಮಣ್ಣಿನ ದಿಬ್ಬದ ಕಡೆಗೆ ತಿರುಗಿಸಿ ಹಿಡಿದು ತಂದರು. ಮೊದಲು ಕೇಪು ಇದೆಯೇ ಎಂದು ನೋಡಿದರು. ತೊಟ್ಟಿನ ಮೇಲೆ ಚರ್ಮದ ತುಂಡೊಂದನ್ನು ಕಟ್ಟಿದರು. ಆಮೇಲೆ ಗಜ ಕೈಗೆತ್ತಿಕೊಂಡರು.

‘ಅಜ್ಜ, ಕೇಪೇ ಇಲ್ಲವಲ್ಲ, ಮತ್ತೆ ಯಾಕೆ ನೋಡುವುದು?’ ಎಂದು ಎಂಟನೇ ತರಗತಿಯ ಮೊಮ್ಮಗ ಕೇಳಿದ.

‘ಕೇಪು ತೆಗೆದರೆ ಕಡ್ಡಿ ತೆಗೆದ ಹಾಗೆ, ಮಗ. ಮದ್ದು ಒಳಗೇ ಉಂಟಲ್ಲ? ಇನ್ನೊಂದು ಕಿಡಿ ಎಲ್ಲಿಂದಲಾದರೂ ಬರಬಹುದು’ ಎಂದರು.

ಅವರು ಮಾಡಿದ್ದು ಇಷ್ಟೇ. ನಳಿಗೆಯ ಬಾಯಿಗೆ ಮುಖವನ್ನಾಗಲಿ ಅಂಗೈಯನ್ನಾಗಲಿ ಒಡ್ಡದೆ, ಪಕ್ಕದಲ್ಲಿ ನಿಂತು ಎರಡು ಬೆರಳಲ್ಲಿ ಗಜವನ್ನು ಮೆಲ್ಲಗೆ ಒಳಗೆ ಇಳಿಬಿಟ್ಟರು. ಅದು ತಳ ಮುಟ್ಟಿದಾಗ ನಳಿಗೆಯ ಅಂಚಿಗೆ ಸರಿಯಾಗಿ ಗಜದ ಮೇಲೆ ಸೀಮೆಸುಣ್ಣದ ಗುರುತು ಹಾಕಿದರು. ಗಜವನ್ನು ಹೊರತೆಗೆದು, ಆ ಗುರುತು ನಳಿಗೆಯ ಬಾಯಿಗೆ ಸರಿಯಾಗುವಂತೆ ಹೊರಗಿನಿಂದ ನಳಿಗೆಯ ಪಕ್ಕಕ್ಕೆ ಇಟ್ಟರು. ಗಜದ ತುದಿ ಕೇಪು ಕೂರುವ ತೊಟ್ಟಿನ ನೇರಕ್ಕೆ ಬಂತು. ‘ಇದು ಖಾಲಿ’ ಎಂದರು. ಎರಡನೆಯದೂ ಹಾಗೆಯೇ. ಮೂರನೆಯದು ಅದೇ ಕುಟುಂಬದ ಇನ್ನೊಂದು ಮನೆಯಿಂದ ಬಂದ ಕೋವಿ. ಅದನ್ನು ಬಳಸುತ್ತಿದ್ದವರು ತೀರಿಕೊಂಡು ವರ್ಷಗಳೇ ಆಗಿದ್ದವು. ‘ಅದರಲ್ಲಿ ಏನೂ ಇಲ್ಲ, ಎಷ್ಟೋ ವರ್ಷದಿಂದ ಗೋಡೆಯಲ್ಲೇ ಇತ್ತು’ ಎಂದು ತಂದವರು ಹೇಳಿದರು. ಗಜ ಇಳಿಬಿಟ್ಟರೆ ಮೊದಲಿನವುಗಳಲ್ಲಿ ಕೇಳಿಸಿದ ಕಬ್ಬಿಣದ ಟಣ್ ಸದ್ದು ಬರಲಿಲ್ಲ. ಮೆತ್ತಗೆ ಏನನ್ನೋ ಮುಟ್ಟಿದಂತಾಯಿತು. ಹೊರಗಿಟ್ಟು ಅಳೆದರೆ ಗಜದ ತುದಿ ತೊಟ್ಟಿಗಿಂತ ನಾಲ್ಕು ಬೆರಳು ಮೇಲೆಯೇ ನಿಂತಿತ್ತು.

ಅಂಗಳ ಒಂದು ಗಳಿಗೆ ಸುಮ್ಮನಾಯಿತು. ಪಟ್ಟೇದಾರರು ಮಾತ್ರ ಯಾರನ್ನೂ ಗದರಲಿಲ್ಲ. ಕೋವಿಗೆ ‘ಈಡು ಇದೆ’ ಎಂದು ಬರೆದ ಚೀಟಿ ಕಟ್ಟಿದರು. ಬಾಯಿ ದಿಬ್ಬದ ಕಡೆಗೇ ಇರುವಂತೆ ಹಿಂದಿನ ಖಾಲಿ ಕೋಣೆಯಲ್ಲಿ ಮಲಗಿಸಿ ಬೀಗ ಹಾಕಿದರು. ಅದನ್ನು ಜೀಪಿಗೆ ಹಾಕಿ ಸಾಗಿಸಲೂ ಒಪ್ಪದೆ, ಕೋವಿ ರಿಪೇರಿಯ ಲೈಸೆನ್ಸುದಾರರನ್ನೇ ಮನೆಗೆ ಬರಹೇಳಿದರು. ಆ ವರ್ಷದ ಪೂಜೆ ಎರಡೇ ಕೋವಿಗೆ ನಡೆಯಿತು.

ಮೊಮ್ಮಗನಿಗೆ ಅಂದು ಸಿಕ್ಕಿದ್ದು ವಿಜ್ಞಾನದ ಮೊದಲ ಪಾಠವೇ. ಕಣ್ಣಿಗೆ ಕಾಣದ್ದನ್ನು ಅಳತೆಯಿಂದ ತಿಳಿಯಬಹುದು. ‘ಖಾಲಿ ಇದೆಯಂತೆ’ ಎಂಬುದು ಸುದ್ದಿ, ಗಜ ತೋರಿಸುವುದು ಪುರಾವೆ.

ಥಂಡಿ ಹಿಡಿದ ಮದ್ದು ಸತ್ತ ಮದ್ದಲ್ಲ

‘ಇಷ್ಟು ವರ್ಷದ ಮದ್ದು, ಅದೂ ಕೊಡಗಿನ ಮಳೆ. ಥಂಡಿ ಹಿಡಿದು ಎಂದೋ ಸತ್ತಿರುತ್ತದೆ’ ಎಂದು ಅಲ್ಲಿದ್ದ ಒಬ್ಬರು ಹೇಳಿದರು. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದರಿಂದ ಈ ಮಾತು ನಿಜವೆಂದೇ ತೋರುತ್ತದೆ. ಆದರೆ ರಸಾಯನಶಾಸ್ತ್ರ ಬೇರೆ ಹೇಳುತ್ತದೆ.

ಕರಿಮದ್ದಿನಲ್ಲಿ ಇರುವುದು ಮೂರು ಪದಾರ್ಥ: ಇದ್ದಿಲು, ಗಂಧಕ ಮತ್ತು ಪೆಟ್ಲುಪ್ಪು. ಪೆಟ್ಲುಪ್ಪು ಎಂದರೆ ಪೊಟ್ಯಾಸಿಯಂ ನೈಟ್ರೇಟ್. ಇದ್ದಿಲು ಮತ್ತು ಗಂಧಕ ಉರಿಯುವ ವಸ್ತುಗಳು. ಅವು ಉರಿಯಲು ಬೇಕಾದ ಆಮ್ಲಜನಕವನ್ನು ಪೆಟ್ಲುಪ್ಪು ಒದಗಿಸುತ್ತದೆ. ಹೊರಗಿನ ಗಾಳಿ ಬೇಕಿಲ್ಲದ್ದರಿಂದಲೇ ಮುಚ್ಚಿದ ನಳಿಗೆಯೊಳಗೂ ಮದ್ದು ಉರಿಯುತ್ತದೆ. ಈ ಮೂರೂ ತಾವಾಗಿ ಕೊಳೆಯುವ ವಸ್ತುಗಳಲ್ಲ. ತೇವ ತಾಗಿದಾಗ ಮದ್ದು ಹತ್ತಿಕೊಳ್ಳದಿರಬಹುದು. ಆದರೆ ಪೆಟ್ಲುಪ್ಪು ಎಲ್ಲಿಗೂ ಹೋಗಿರುವುದಿಲ್ಲ. ಬೇಸಿಗೆ ಬಂದು ನೀರು ಆರಿದರೆ ಅದು ಅಲ್ಲೇ ಮತ್ತೆ ಹರಳಾಗುತ್ತದೆ, ಮದ್ದು ಮತ್ತೆ ಜೀವ ತಳೆಯುತ್ತದೆ. ಬಿಗಿಯಾಗಿ ಕೂತ ಬಿರಡೆಯ ಹಿಂದೆ ತೇವ ತಾಗದೆಯೇ ಇರಬಹುದು.

ಇದಕ್ಕೆ ಲೋಕದಲ್ಲಿ ಉದಾಹರಣೆಗಳಿಗೆ ಕೊರತೆಯಿಲ್ಲ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಉದ್ಯಾನದವರ ಬಳಿ 18ನೇ ಶತಮಾನದ ಒಂದು ಫಿರಂಗಿ ಇತ್ತು. ಒಂದು ಕಾಲದಲ್ಲಿ ಅದನ್ನು ಜನರ ನೋಟಕ್ಕೂ ಇಟ್ಟಿದ್ದರು. 2013ರ ಜನವರಿಯಲ್ಲಿ ಅದರ ತುಕ್ಕು ತೆಗೆಯಲು ಹೋದಾಗ ಒಳಗೆ ಗುಂಡೂ ಸುಮಾರು 800 ಗ್ರಾಂ ಮದ್ದೂ ಹಾಗೆಯೇ ಇದ್ದವು. ಪೊಲೀಸರ ಬಾಂಬ್ ದಳ ಬಂದು ಅದನ್ನು ಇಳಿಸಬೇಕಾಯಿತು. ಅದೇ ದೇಶದ ವರ್ಜೀನಿಯಾದಲ್ಲಿ 2008ರಲ್ಲಿ ಅಂತರ್ಯುದ್ಧ ಕಾಲದ ಮದ್ದು ತುಂಬಿದ ಫಿರಂಗಿ ಗುಂಡೊಂದನ್ನು ಶುಚಿ ಮಾಡುತ್ತಿದ್ದ ಸಂಗ್ರಾಹಕರೊಬ್ಬರು ಅದು ಸಿಡಿದು ಸತ್ತರು. ಗುಂಡಿಗೆ ಸುಮಾರು 140 ವರ್ಷ ವಯಸ್ಸಾಗಿತ್ತು.

ನಮ್ಮಲ್ಲೂ 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಪಾಳುಬಾವಿಯೊಂದರಿಂದ ಟಿಪ್ಪು ಕಾಲದ್ದೆನ್ನಲಾದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕಿದವು. ಹಳೆಯ ಮನೆಯ ಅಟ್ಟದಲ್ಲೋ ತೋಟದ ಮಣ್ಣಿನಲ್ಲೋ ಇಂಥ ವಸ್ತು ಕಂಡರೆ ಮಕ್ಕಳು ಅದನ್ನು ಮುಟ್ಟದೆ, ಬಡಿದು ನೋಡದೆ ದೊಡ್ಡವರಿಗೆ ಹೇಳಬೇಕು. ದೊಡ್ಡವರು ಪೊಲೀಸರಿಗೆ ತಿಳಿಸಬೇಕು.

ಇನ್ನೊಂದು ಲೆಕ್ಕ ಗಜದ ಮಹತ್ವವನ್ನು ತೋರಿಸುತ್ತದೆ. 1863ರಲ್ಲಿ ಅಮೆರಿಕದ ಗೆಟಿಸ್‌ಬರ್ಗ್ ಕಾಳಗ ಮುಗಿದ ಮೇಲೆ ರಣರಂಗದಿಂದ ಆಯ್ದು ತಂದ 27,574 ಕೋವಿಗಳಲ್ಲಿ ಸುಮಾರು 24,000 ಕೋವಿಗಳು ತುಂಬಿಯೇ ಇದ್ದುವೆಂದು ಸೇನೆಯ ವರದಿ ಹೇಳುತ್ತದೆ. ಸುಮಾರು ಅರ್ಧದಷ್ಟರಲ್ಲಿ ಎರಡೆರಡು ಈಡು. ಒಂದರಲ್ಲಂತೂ 23 ಈಡು! ಗದ್ದಲದ ನಡುವೆ ತನ್ನ ಕೋವಿ ಹಾರಿತೋ ಇಲ್ಲವೋ ತಿಳಿಯದೆ ಅದರ ಮೇಲೇ ಮತ್ತೆ ತುಂಬಿದವರು ಇದ್ದಿರಬೇಕು. ಎರಡು ಈಡಿನ ಕೋವಿ ಹಾರಿಸಿದರೆ ನಳಿಗೆಯೇ ಒಡೆದು ಹಾರಿಸಿದವನ ಕೈ, ಕಣ್ಣು ಹೋಗಬಹುದು.

ಈಡು ಇಳಿಸುವ ಬಗೆ

ಈಡು ಇಳಿಸುವುದು ದೊಡ್ಡವರ, ಅದರಲ್ಲೂ ಬಲ್ಲವರ ಕೆಲಸ. ಆದರೂ ಕ್ರಮ ಏನೆಂದು ಮನೆಯವರಿಗೆಲ್ಲ ತಿಳಿದಿರಬೇಕು. ತಪ್ಪು ನಡೆದರೆ ತಡೆಯಲು ಆ ತಿಳಿವಳಿಕೆ ಬೇಕು.

ತಾನೇ ಅದೇ ದಿನ ಅಳತೆಯಾಗಿ ತುಂಬಿದ ಕೋವಿಯಾದರೆ, ಅನುಮತಿಯಿರುವ ಜಾಗದಲ್ಲಿ, ಜನ, ಜಾನುವಾರು ಇಲ್ಲದ ಕಡೆ, ಮಣ್ಣಿನ ದಿಬ್ಬಕ್ಕೆ ಹಾರಿಸಿ ಖಾಲಿ ಮಾಡುವುದು ಸರಳ. ಬಿಲ್ಲು ಎಳೆದರೂ ಹಾರದಿದ್ದರೆ ಕೋವಿಯನ್ನು ತಿರುಗಿಸಿ ನೋಡಬಾರದು. ಒಳಗೆ ಕಿಡಿ ಹೊಗೆಯಾಡುತ್ತಿದ್ದು ತಡವಾಗಿ ಹಾರುವುದುಂಟು. ಬಾಯಿ ದಿಬ್ಬದ ಕಡೆಗೇ ಇರುವಂತೆ ಕನಿಷ್ಠ ಎರಡು ನಿಮಿಷ ಕಾಯಬೇಕು.

ಹಾರಿಸಲಾಗದಿದ್ದರೆ ಮೊದಲು ಕೇಪು ತೆಗೆದು ಮದ್ದನ್ನು ಚೆನ್ನಾಗಿ ನೆನೆಸಬೇಕು. ಆಮೇಲೆ ಗಜದ ತುದಿಗೆ ಸುರುಳಿಯಾಕಾರದ ತಿರುಪು ಸಿಕ್ಕಿಸಿ ಬಿರಡೆಯನ್ನು ಎಳೆದು, ಚರೆ, ಮದ್ದುಗಳನ್ನು ಹೊರತೆಗೆಯುತ್ತಾರೆ. ಇಲ್ಲಿ ನೀರಿನ ಕೆಲಸವನ್ನು ವಿದ್ಯಾರ್ಥಿಗಳು ತಮ್ಮ ಪಾಠದಿಂದಲೇ ತಿಳಿಯಬಹುದು. ನೂರು ಗ್ರಾಂ ನೀರಿನಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 32 ಗ್ರಾಂ ಪೆಟ್ಲುಪ್ಪು ಕರಗುತ್ತದೆ. ಕುದಿಯುವ ನೀರಿನಲ್ಲಾದರೆ 240 ಗ್ರಾಂಗೂ ಮೇಲೆ. ನೀರಿನೊಂದಿಗೆ ಪೆಟ್ಲುಪ್ಪು ತೊಳೆದು ಹೋದರೆ ಉಳಿದ ಇದ್ದಿಲು, ಗಂಧಕಗಳಿಗೆ ಮದ್ದಿನ ಗುಣ ಇರುವುದಿಲ್ಲ. ಆದರೆ ನೀರು ಹೊಯ್ದ ಮಾತ್ರಕ್ಕೆ ಅದು ಮದ್ದಿನ ತನಕ ಇಳಿದಿದೆ ಎಂದು ನಂಬುವಂತಿಲ್ಲ. ಹೊರತೆಗೆದು ಮುಗಿಯುವ ತನಕ ಕೋವಿ ತುಂಬಿದೆಯೆಂದೇ ತಿಳಿದು, ಬಾಯಿಗೆ ಅಡ್ಡ ನಿಲ್ಲದೆ ಕೆಲಸ ಮಾಡಬೇಕು.

ಯಾರು ತುಂಬಿದ್ದು, ಎಂದು ತುಂಬಿದ್ದು, ಎಷ್ಟು ತುಂಬಿದ್ದು ಎಂಬುದು ಗೊತ್ತಿಲ್ಲದ ಹಳೆಯ ಈಡನ್ನು ಮನೆಯಲ್ಲಿ ಯಾರೂ ಮುಟ್ಟಬಾರದು. ಹಾರಿಸಿ ನೋಡುವುದೂ ಬೇಡ. ತುಕ್ಕು ತಿಂದ ನಳಿಗೆ ಅದನ್ನು ತಾಳಲಾರದು. ಬೆಂಕಿಗೆ ಹಿಡಿಯುವುದು, ಬೈರಿಗೆಯಿಂದ ಕೊರೆಯುವುದು, ಬಾಯಿಟ್ಟು ಊದುವುದು ಇವೆಲ್ಲ ಪ್ರಾಣಕ್ಕೆ ಕುತ್ತು. ಲೈಸೆನ್ಸ್ ಇರುವ ಕೋವಿ ಕೆಲಸದವರನ್ನೋ ಪೊಲೀಸರನ್ನೋ ಕರೆಯುವುದೇ ಸರಿ.

ಆ ಐನ್‌ಮನೆಯ ಮೂರನೆಯ ಕೋವಿಯ ಕತೆಯನ್ನು ಪಟ್ಟೇದಾರರು ಆಮೇಲೆ ಫೋನ್ ಮಾಡಿ ತಿಳಿಸಿದರು. ಬಂದ ಕುಶಲಿಗರು ಬಿರಡೆ ಎಳೆದು ತೆಗೆದಾಗ, ಚರೆಯ ಹಿಂದೆ ಮದ್ದು ಕಾಳುಕಾಳಾಗಿಯೇ ಇತ್ತಂತೆ. ಅದರಲ್ಲಿ ಒಂದು ಚಿಟಿಕೆಯನ್ನು ಬಯಲಲ್ಲಿಟ್ಟು ಅವರು ಉದ್ದ ಕೋಲಿನ ಕೆಂಡ ತಾಗಿಸಿದರೆ, ಭುಗ್ಗೆಂದು ಹತ್ತಿ ಬಿಳಿ ಹೊಗೆ ಎದ್ದಿತಂತೆ. ಗೋಡೆಯಲ್ಲಿ ವರ್ಷಗಟ್ಟಲೆ ತೂಗುತ್ತಿದ್ದ ಆ ಕೋವಿಯ ಕೆಳಗೇ ಮನೆಯ ಮಕ್ಕಳು ಓದಲು ಕೂರುತ್ತಿದ್ದರು.

ಎಲ್ಲಿ, ಹೇಗೆ ಇಡಬೇಕು?

ಖಾಲಿ ಮಾಡಿದ ಕೋವಿಯನ್ನು ಹಾಗೆಯೇ ಇಡುವಂತಿಲ್ಲ. ಮದ್ದು ಉರಿದ ಮೇಲೆ ಉಳಿಯುವ ಮಸಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಮುಂತಾದ ಲವಣಗಳಿರುತ್ತವೆ. ಅವು ಗಾಳಿಯ ತೇವವನ್ನು ಹೀರಿ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತವೆ. ಬಿಸಿನೀರು ಸಾಬೂನಿನಿಂದ ನಳಿಗೆ ತೊಳೆದು, ಪೂರ್ತಿ ಒಣಗಿಸಿ, ತೆಳುವಾಗಿ ಎಣ್ಣೆ ಸವರಬೇಕು. ಎಣ್ಣೆ ಕುಡಿದ ಕೋವಿ ಮಳೆಗಾಲವನ್ನು ತಾಳುತ್ತದೆ.

ಕೋವಿಯನ್ನು ಬೀಗ ಹಾಕಿದ ಕಪಾಟಿನಲ್ಲಿ ಇಡಬೇಕು. ಗೋಡೆಯ ಮೊಳೆ ಅದಕ್ಕೆ ಜಾಗವಲ್ಲ. ಕೇಪುಗಳಿಗೆ ಬೇರೆ ಪೆಟ್ಟಿಗೆ, ಬೇರೆ ಬೀಗ. ಒಂದು ಪೆಟ್ಟಿಗೆ ಏಟಿಗೇ ಅವು ಸಿಡಿಯುತ್ತವೆ. ಮದ್ದನ್ನು ಅದು ಬಂದ ಡಬ್ಬಿಯಲ್ಲೇ, ನಿಯಮದ ಮಿತಿಯೊಳಗೆ, ತಂಪಾದ ಒಣ ಜಾಗದಲ್ಲಿ ಇಡಬೇಕು. ಒಲೆಯ ಮೇಲಿನ ಅಟ್ಟ ಅಡಿಕೆಗೆ ಸರಿ, ಮದ್ದಿಗೆ ಸಲ್ಲದು. ಬಯಲಲ್ಲಿ ಹರಡಿದ ಮದ್ದು ಭುಗ್ಗೆಂದು ಉರಿದು ಹೋಗುತ್ತದೆ. ಬಿಗಿಯಾದ ಪಾತ್ರೆಯಲ್ಲಿ ಅದೇ ಮದ್ದು ಪಾತ್ರೆಯನ್ನೇ ಚೂರು ಮಾಡುತ್ತದೆ. ಹಬ್ಬದ ಪೂಜೆಗೆ ಖಾಲಿ ಕೋವಿ ಸಾಕು. ಮದ್ದಿನ ಡಬ್ಬಿ, ಕೇಪಿನ ಡಬ್ಬಿ ದೀಪದ ಮುಂದೆ ಬರುವುದು ಬೇಡ. ಊದುಬತ್ತಿಯ ತುದಿಯ ಕೆಂಡವೊಂದೇ ಮದ್ದಿಗೆ ಸಾಕು.

ಕುದುರೆಯನ್ನು ಅರ್ಧಕ್ಕೆ ಎತ್ತಿಟ್ಟರೆ ಭಯವಿಲ್ಲ ಎಂದು ಹಿಂದಿನವರು ಹೇಳುತ್ತಿದ್ದರು. ಹಳೆಯ ಕೋವಿಯ ಒಳಗಿನ ಕಚ್ಚು ಸವೆದಿರುತ್ತದೆ, ಕೆಳಗೆ ಬಿದ್ದರೆ ಕುದುರೆ ತಾನಾಗಿ ಬಡಿಯಬಹುದು. ಆ ನಂಬಿಕೆಯನ್ನು ಈಗ ಬಿಡಬೇಕು.

ಪೋಷಕರಿಗೆ ಒಂದು ಮಾತು. ಹಿರಿಯರು ಬಳಸುತ್ತಿದ್ದ ಕೋವಿ ಮನೆಯಲ್ಲಿದ್ದರೆ, ಅವರು ಇರುವಾಗಲೇ ಅದು ಖಾಲಿಯೇ ಎಂದು ಕೇಳಿ, ಬಲ್ಲವರಿಂದ ಗಜ ಹಾಕಿಸಿ ನೋಡಿ. ಅದರ ಕಾಗದಪತ್ರ ಸರಿಯಿದೆಯೇ ಎಂಬುದನ್ನೂ ಆಗಲೇ ವಿಚಾರಿಸಿ. ಕೋವಿ ತುಂಬಿದವರ ಜೊತೆಗೇ ಅದರ ಗುಟ್ಟೂ ಹೊರಟುಹೋಗುತ್ತದೆ, ಈಡು ಮಾತ್ರ ಮನೆಯಲ್ಲಿ ಉಳಿಯುತ್ತದೆ.

ವಿದ್ಯಾರ್ಥಿಗಳಿಗೂ ಒಂದು ಮಾತು. ಶ್ರೀರಂಗಪಟ್ಟಣಕ್ಕೋ ಮಡಿಕೇರಿಗೋ ಶಾಲೆಯ ಪ್ರವಾಸ ಹೋದಾಗ ಕೋಟೆಯ ಫಿರಂಗಿ ಕಂಡರೆ ಅದರ ಬಾಯಿಗೆ ಕೈ ಹಾಕುವ, ಮುಖವಿಟ್ಟು ಕೂಗುವ ಆಟ ಬೇಡ. ಅದರ ಬುಡದಲ್ಲಿರುವ ಕಿಡಿಯ ತೂತನ್ನು ಹುಡುಕಿ. ಬಾಯಿಂದ ಆ ತೂತಿನ ತನಕದ ಉದ್ದವನ್ನು ಹೊರಗಿನಿಂದಲೇ ಅಂದಾಜು ಮಾಡಿ. ಒಳಗೆ ಗಜ ಎಷ್ಟು ದೂರ ಹೋದರೆ ಅದು ಖಾಲಿ ಎಂದು ನಿಮ್ಮ ಮೇಷ್ಟ್ರನ್ನು ಕೇಳಿ. ಆ ಲೆಕ್ಕ ತಿಳಿದವರು, ಕೋವಿ ಖಾಲಿ ಎಂದು ಯಾರು ಹೇಳಿದರೂ ಅಳೆದು ತೋರಿಸುವ ತನಕ ನಂಬುವುದಿಲ್ಲ.